ಛಾವಣಿಯ ಮೇಲಿನ 69 ಮಿಲಿಮೀಟರ್ ತಂತಿ: ವಿಮಾನಗಳ ಜಾಡು ಹಿಡಿಯುವ ಮನೆಯ ರಿಸೀವರ್

ಹಾರುತ್ತಿರುವ ಬಹುತೇಕ ಪ್ರಯಾಣಿಕ ವಿಮಾನಗಳು ತಾವು ಯಾರು, ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿ ಯಾವ ದಿಕ್ಕಿಗೆ ಎಷ್ಟು ವೇಗವಾಗಿ ಸಾಗುತ್ತಿದ್ದೇವೆ ಎಂಬುದನ್ನು, ಯಾರೂ ಕೇಳದಿದ್ದರೂ, ಸೆಕೆಂಡಿಗೆ ಹಲವು ಬಾರಿ ರೇಡಿಯೋದಲ್ಲಿ ಸಾರುತ್ತಲೇ ಇರುತ್ತವೆ. ಈ ವ್ಯವಸ್ಥೆಯ ಹೆಸರು ಎಡಿಎಸ್-ಬಿ. ಇದರ ಸಂದೇಶಗಳಿಗೆ ಗೂಢಲಿಪಿ ಇಲ್ಲ. ಅವುಗಳ ರಚನೆ ಬಹಿರಂಗವಾಗಿದೆ. ಅವನ್ನು ಹಿಡಿಯಲು ಬೇಕಾದ ಸಲಕರಣೆ ಒಂದು ಅಂಗೈಯಲ್ಲಿ ಹಿಡಿಸುತ್ತದೆ. ರೇಡಿಯೋ ವಿಜ್ಞಾನವನ್ನು ಪುಸ್ತಕದಿಂದಾಚೆಗೆ ಕೈಯಾರೆ ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸವನ್ನು ನಾನು ಕಂಡಿಲ್ಲ, ಏಕೆಂದರೆ ಇಲ್ಲಿ ಲೆಕ್ಕ ಹಾಕಿದ್ದು ಸರಿಯೋ ತಪ್ಪೋ ಎಂಬುದಕ್ಕೆ ಆಕಾಶವೇ ಅಂದೇ ಉತ್ತರ ಕೊಡುತ್ತದೆ.

ಈ ರಿಸೀವರ್ ಕಟ್ಟುವವರು ಸಾಮಾನ್ಯವಾಗಿ ಕಂಪ್ಯೂಟರಿನ ತುದಿಯಿಂದ ಆರಂಭಿಸುತ್ತಾರೆ. ಯಾವ ಬೋರ್ಡ್ ಕೊಳ್ಳಬೇಕು, ಯಾವ ತಂತ್ರಾಂಶ ಹಾಕಬೇಕು, ನಕ್ಷೆ ಹೇಗೆ ಕಾಣಬೇಕು ಎಂಬುದೆಲ್ಲ ತೀರ್ಮಾನವಾದ ಮೇಲೆ ಆಂಟೆನಾವನ್ನು ಕಿಟಕಿಯ ಪಕ್ಕದಲ್ಲೆಲ್ಲೋ ನಿಲ್ಲಿಸುತ್ತಾರೆ. ಕೆಲಸದ ಕ್ರಮ ಇದಕ್ಕೆ ನೇರ ತಿರುವುಮುರುವಾಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ: ಮೊದಲು ಆಂಟೆನಾ ನಿಲ್ಲುವ ಜಾಗ, ಆಮೇಲೆ ಆಂಟೆನಾ, ನಂತರ ಕೇಬಲ್, ಅದಾದ ಮೇಲೆ ಫಿಲ್ಟರ್ ಮತ್ತು ಆಂಪ್ಲಿಫೈಯರ್, ಕೊನೆಗೆ ರೇಡಿಯೋ ಮತ್ತು ಕಂಪ್ಯೂಟರ್. ಹೀಗೇಕೆ ಎಂಬುದನ್ನು ಅಂಕಿಗಳೇ ಹೇಳುತ್ತವೆ.

ಮೊದಲು ಸಂಕೇತದ ಸ್ವರೂಪವನ್ನು ನೋಡೋಣ. ವಿಮಾನದ ಟ್ರಾನ್ಸ್‌ಪಾಂಡರ್ ಎಂಬ ಉಪಕರಣ ಹುಟ್ಟಿದ್ದು ರೇಡಾರ್‌ಗೆ ಉತ್ತರ ಕೊಡುವುದಕ್ಕಾಗಿ. ನೆಲದ ರೇಡಾರ್ 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ ಕೇಳುತ್ತದೆ, ವಿಮಾನ 1090 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸುತ್ತದೆ. ಆಕಾಶದಲ್ಲಿ ದಟ್ಟಣೆ ಹೆಚ್ಚಿದಂತೆ ಒಂದೇ ಪ್ರಶ್ನೆಗೆ ಹತ್ತಾರು ವಿಮಾನಗಳು ಒಟ್ಟಿಗೆ ಉತ್ತರಿಸಿ ಗೊಂದಲವಾಗತೊಡಗಿದಾಗ, ಪ್ರತಿ ವಿಮಾನಕ್ಕೂ ಪ್ರತ್ಯೇಕ ವಿಳಾಸ ಕೊಟ್ಟು ಒಂದೊಂದನ್ನೇ ಮಾತನಾಡಿಸುವ ‘ಮೋಡ್ ಎಸ್’ ಪದ್ಧತಿಯನ್ನು 1970ರ ದಶಕದಲ್ಲಿ ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯ ಅಭಿವೃದ್ಧಿಪಡಿಸಿತು. ಆ ವಿಳಾಸ 24 ಬಿಟ್‌ಗಳದ್ದು, ಅಂದರೆ ಒಟ್ಟು 1,67,77,216 ವಿಳಾಸಗಳು ಸಾಧ್ಯ. ಎಡಿಎಸ್-ಬಿ ಇದೇ ಮೋಡ್ ಎಸ್‌ನ ಬೆನ್ನೇರಿ ಬಂದದ್ದು: ಪ್ರಶ್ನೆಗೆ ಕಾಯದೆ, ವಿಮಾನವು ತನ್ನ ಉಪಗ್ರಹ ರಿಸೀವರ್‌ನಿಂದ ಪಡೆದ ಸ್ಥಾನವನ್ನು 112 ಬಿಟ್‌ಗಳ ಉದ್ದ ಸಂದೇಶದಲ್ಲಿ ತಾನಾಗಿ ಕಳುಹಿಸುತ್ತದೆ. ಅಮೆರಿಕದ ನಿಯಂತ್ರಿತ ವಾಯುಪ್ರದೇಶದ ಬಹುಭಾಗದಲ್ಲಿ 2020ರ ಜನವರಿ 1ರಿಂದ ಈ ವ್ಯವಸ್ಥೆ ಕಡ್ಡಾಯವಾಯಿತು.

ಒಂದು ಸಂದೇಶದ ಆಯುಷ್ಯ ಕೇವಲ 120 ಮೈಕ್ರೋಸೆಕೆಂಡ್. ಮೊದಲ 8 ಮೈಕ್ರೋಸೆಕೆಂಡ್‌ಗಳಲ್ಲಿ ನಾಲ್ಕು ಪಲ್ಸ್‌ಗಳು ಬರುತ್ತವೆ, 0, 1, 3.5 ಮತ್ತು 4.5 ಮೈಕ್ರೋಸೆಕೆಂಡ್‌ಗಳಲ್ಲಿ, ಈ ಅಸಮ ಅಂತರವೇ ಸಂದೇಶ ಆರಂಭವಾಯಿತೆಂಬ ಗುರುತು. ಆಮೇಲೆ ಪ್ರತಿ ಬಿಟ್‌ಗೂ ಒಂದು ಮೈಕ್ರೋಸೆಕೆಂಡ್ ಮೀಸಲು. ಅದರ ಮೊದಲರ್ಧದಲ್ಲಿ ಪಲ್ಸ್ ಇದ್ದರೆ 1, ಎರಡನೆಯ ಅರ್ಧದಲ್ಲಿದ್ದರೆ 0. ಸಂಕೇತದ ಬಲ ಎಷ್ಟಿದೆ ಎಂಬುದನ್ನು ಅಳೆಯುವ ಅಗತ್ಯವೇ ಇಲ್ಲ, ಎರಡು ಅರ್ಧಗಳಲ್ಲಿ ಯಾವುದು ಹೆಚ್ಚು ಎಂದು ಹೋಲಿಸಿದರೆ ಸಾಕು. ಅಗ್ಗದ ರೇಡಿಯೋ ಕೂಡ ಈ ಕೆಲಸವನ್ನು ನಿಭಾಯಿಸುವುದರ ಮೊದಲ ಗುಟ್ಟು ಇಲ್ಲಿದೆ.

ಆ ಅಗ್ಗದ ರೇಡಿಯೋ ಎಂದರೆ ಟಿವಿ ನೋಡಲೆಂದು ತಯಾರಾದ ಯುಎಸ್‌ಬಿ ಡಾಂಗಲ್. ಇದರಲ್ಲಿರುವ ಆರ್‌ಟಿಎಲ್2832ಯು ಎಂಬ ಚಿಪ್, ಟಿವಿ ಚಿತ್ರವಾಗಿ ಬಿಡಿಸುವುದಕ್ಕೆ ಮೊದಲಿನ ಕಚ್ಚಾ ಮಾದರಿಗಳನ್ನೂ ಕಂಪ್ಯೂಟರಿಗೆ ಕೊಡಬಲ್ಲದು ಎಂಬುದು 2012ರ ಸುಮಾರಿಗೆ ಲಿನಕ್ಸ್ ಡ್ರೈವರ್‌ಗಳ ಮೇಲೆ ಕೆಲಸ ಮಾಡುತ್ತಿದ್ದವರ ಕಣ್ಣಿಗೆ ಬಿತ್ತು. ಆಸ್ಮೋಕಾಮ್ ಬಳಗ ಅದಕ್ಕೆ ಮುಕ್ತ ತಂತ್ರಾಂಶ ಬರೆಯಿತು. ಆರ್820ಟಿ ಎಂಬ ಟ್ಯೂನರ್ ಇರುವ ಡಾಂಗಲ್‌ಗಳು ಸುಮಾರು 24ರಿಂದ 1766 ಮೆಗಾಹರ್ಟ್ಸ್‌ವರೆಗೆ ಕೇಳಿಸಿಕೊಳ್ಳುತ್ತವೆ, ನಮ್ಮ 1090 ಅದರೊಳಗೆ ಸುಲಭವಾಗಿ ಕೂರುತ್ತದೆ. ಬಹಳ ಕಾಲದಿಂದ ರೇಡಿಯೋ ಹವ್ಯಾಸದಲ್ಲಿರುವವರಿಗೆ ಈ ಪುಟ್ಟ ವಸ್ತುವಿನಿಂದ ಆದ ಉಪಕಾರವನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ದೊಡ್ಡ ವಿಮಾನದ ಟ್ರಾನ್ಸ್‌ಪಾಂಡರ್ ಪ್ರತಿ ಪಲ್ಸ್‌ನಲ್ಲೂ ಸುಮಾರು 125ರಿಂದ 500 ವಾಟ್ ಶಕ್ತಿ ಹೊರಡಿಸುತ್ತದೆ. 250 ವಾಟ್ ಎಂದು ಇಟ್ಟುಕೊಳ್ಳೋಣ, ಅದು 54 ಡಿಬಿಎಂ, ಅಂದರೆ ಒಂದು ಮಿಲಿವಾಟ್‌ಗಿಂತ 54 ಡೆಸಿಬೆಲ್ ಮೇಲೆ (ಪ್ರತಿ 10 ಡೆಸಿಬೆಲ್‌ಗೂ ಶಕ್ತಿ ಹತ್ತು ಪಟ್ಟಾಗುತ್ತದೆ). 400 ಕಿಲೋಮೀಟರ್ ದೂರ ಕ್ರಮಿಸುವಷ್ಟರಲ್ಲಿ ಈ ಆವರ್ತನದ ಸಂಕೇತ ಸುಮಾರು 145 ಡೆಸಿಬೆಲ್ ಕ್ಷೀಣಿಸುತ್ತದೆ. ಅಂದರೆ ನಮ್ಮ ಆಂಟೆನಾಗೆ ತಲುಪುವುದು ಮೈನಸ್ 91 ಡಿಬಿಎಂ. 2 ಮೆಗಾಹರ್ಟ್ಸ್ ಅಗಲದ ರಿಸೀವರ್‌ನಲ್ಲಿ ಉಷ್ಣದಿಂದ ಹುಟ್ಟುವ ಅನಿವಾರ್ಯ ಗದ್ದಲ ಮೈನಸ್ 111 ಡಿಬಿಎಂ. ಸಂಕೇತ ಗದ್ದಲಕ್ಕಿಂತ 20 ಡೆಸಿಬೆಲ್, ಅಂದರೆ ನೂರು ಪಟ್ಟು ಮೇಲಿದೆ. ರಿಸೀವರ್ ತನ್ನದೇ ಗದ್ದಲವನ್ನು ಸೇರಿಸಿದರೂ, ಕೇಬಲ್ ಒಂದಿಷ್ಟನ್ನು ನುಂಗಿದರೂ, 400 ಕಿಲೋಮೀಟರ್ ದೂರದ ವಿಮಾನ ಕೇಳಿಸಬೇಕು. ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಇರಿಡಿಯಂ ಉಪಗ್ರಹಗಳ ಮೇಲೆ ಏರಿಯಾನ್ ಸಂಸ್ಥೆ ಇರಿಸಿರುವ ರಿಸೀವರ್‌ಗಳು ನಡುಸಾಗರದ ವಿಮಾನಗಳ ಇದೇ ಸಂಕೇತವನ್ನು ಹಿಡಿಯುತ್ತವೆ ಎಂಬುದು ಈ ಲೆಕ್ಕಕ್ಕೆ ಒಳ್ಳೆಯ ಸಾಕ್ಷಿ.

ಹಾಗಾದರೆ ದೂರಕ್ಕೆ ಮಿತಿ ಹಾಕುವುದು ಯಾವುದು? ಭೂಮಿಯ ದುಂಡು. ಈ ಆವರ್ತನದ ಅಲೆಗಳು ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ, ವಾತಾವರಣದಿಂದ ಸ್ವಲ್ಪ ಮಾತ್ರ ಬಾಗುತ್ತವೆ. ಮೀಟರುಗಳಲ್ಲಿ ಹೇಳಿದ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ತಿಳಿಯುತ್ತದೆ. ವಿಮಾನದ್ದೂ ಆಂಟೆನಾದ್ದೂ ಬೇರೆಬೇರೆಯಾಗಿ ಲೆಕ್ಕ ಹಾಕಿ ಕೂಡಿಸಬೇಕು. 35,000 ಅಡಿ, ಅಂದರೆ ಸುಮಾರು 10,670 ಮೀಟರ್ ಎತ್ತರದ ವಿಮಾನಕ್ಕೆ ಇದು 425 ಕಿಲೋಮೀಟರ್. 10 ಮೀಟರ್ ಎತ್ತರದ ಆಂಟೆನಾ ಅದಕ್ಕೆ ಸೇರಿಸುವುದು 13 ಕಿಲೋಮೀಟರ್ ಮಾತ್ರ. ವಿಮಾನ 1,000 ಮೀಟರ್‌ಗೆ ಇಳಿದರೆ 130 ಕಿಲೋಮೀಟರ್, 300 ಮೀಟರ್‌ಗೆ ಇಳಿದರೆ 71 ಕಿಲೋಮೀಟರ್.

ಆಂಟೆನಾವನ್ನು ಏರಿಸುವುದರಿಂದ ದಕ್ಕುವುದು ಬರೀ 13 ಕಿಲೋಮೀಟರ್ ಎಂದಾದರೆ ಎತ್ತರಕ್ಕೆ ಇಷ್ಟೊಂದು ಮಹತ್ವ ಏಕೆ ಎಂದು ಕೇಳಬಹುದು. ಆ ಸೂತ್ರ ಹೇಳುವುದು ಸಮುದ್ರದಂತೆ ಬಯಲಾದ ನೆಲದ ಕತೆ. ನಮ್ಮ ಸುತ್ತ ಇರುವುದು ಗೋಡೆ, ನೀರಿನ ತೊಟ್ಟಿ, ಮರ, ಪಕ್ಕದ ಕಟ್ಟಡ, ಅದರಾಚೆ ಗುಡ್ಡ. 400 ಕಿಲೋಮೀಟರ್ ದೂರದ ವಿಮಾನ ನಮಗೆ ದಿಗಂತದ ಅಂಚಿಗೆ ಅಂಟಿಕೊಂಡಂತೆ ಇರುತ್ತದೆ, ಒಂದು ಡಿಗ್ರಿಗಿಂತಲೂ ಕಡಿಮೆ ಕೋನದಲ್ಲಿ. ಮೂವತ್ತು ಮೀಟರ್ ಆಚೆ, ಆಂಟೆನಾಗಿಂತ ಕೇವಲ ಎರಡು ಮೀಟರ್ ಎತ್ತರಕ್ಕೆ ನಿಂತ ಗೋಡೆಯೊಂದು ಸುಮಾರು ನಾಲ್ಕು ಡಿಗ್ರಿಯಷ್ಟು ಆಕಾಶವನ್ನು ಮರೆಮಾಡುತ್ತದೆ, ಮತ್ತು ಆ ನಾಲ್ಕು ಡಿಗ್ರಿಯೊಳಗೇ ದೂರದ ವಿಮಾನಗಳೆಲ್ಲ ಇವೆ. ಅದೇ ಆಂಟೆನಾವನ್ನು ಎರಡು ಮೀಟರ್ ಮೇಲಕ್ಕೆತ್ತಿದರೆ ಆ ದಿಕ್ಕು ಪೂರ್ತಿ ತೆರೆದುಕೊಳ್ಳುತ್ತದೆ. ಯಾವ ಆಂಪ್ಲಿಫೈಯರ್ ಕೂಡ ಈ ಕೆಲಸ ಮಾಡಲಾರದು, ಏಕೆಂದರೆ ಬಾರದ ಸಂಕೇತವನ್ನು ಹಿಗ್ಗಿಸುವುದು ಸಾಧ್ಯವಿಲ್ಲ. ಆದ್ದರಿಂದ ಯಾವುದನ್ನೂ ಕೊಳ್ಳುವ ಮೊದಲು ಛಾವಣಿಗೆ ಹೋಗಿ ಸುತ್ತಲೂ ಒಮ್ಮೆ ನಿಧಾನವಾಗಿ ನೋಡಿ, ಯಾವ ದಿಕ್ಕಿನಲ್ಲಿ ಏನು ಅಡ್ಡ ನಿಂತಿದೆ ಎಂದು ಬರೆದುಕೊಳ್ಳುವುದನ್ನು ಈ ಕೆಲಸದ ಮೊದಲ ಹೆಜ್ಜೆಯಾಗಿ ಸೂಚಿಸುತ್ತೇನೆ.

ಆಂಟೆನಾ ಮಾಡುವುದು ಸುಲಭ. 1090 ಮೆಗಾಹರ್ಟ್ಸ್‌ನ ತರಂಗಾಂತರ 275 ಮಿಲಿಮೀಟರ್, ಅದರ ಕಾಲುಭಾಗ 69 ಮಿಲಿಮೀಟರ್. ಗಟ್ಟಿ ತಾಮ್ರದ ತಂತಿಯ ಅಷ್ಟುದ್ದದ ತುಂಡೊಂದನ್ನು ಕನೆಕ್ಟರ್‌ನ ನಡುವಿನ ಪಿನ್‌ಗೆ ನೆಟ್ಟಗೆ ಬೆಸುಗೆ ಹಾಕಿ, ಅದರ ಹೊರ ಚೌಕಟ್ಟಿಗೆ ಅದೇ ಉದ್ದದ ನಾಲ್ಕು ತಂತಿಗಳನ್ನು ಜೋಡಿಸಿ ಕೆಳಮುಖವಾಗಿ ಸುಮಾರು 45 ಡಿಗ್ರಿ ಬಗ್ಗಿಸಿದರೆ ಆಂಟೆನಾ ಸಿದ್ಧ. ಕೆಳಗಿನ ತಂತಿಗಳನ್ನು ಅಡ್ಡಡ್ಡಲಾಗಿ ಬಿಟ್ಟರೆ ಆಂಟೆನಾದ ಪ್ರತಿರೋಧ 36 ಓಮ್‌ನ ಆಸುಪಾಸಿನಲ್ಲಿರುತ್ತದೆ, ಬಗ್ಗಿಸಿದಾಗ ರಿಸೀವರ್‌ಗೆ ಹೊಂದುವ 50 ಓಮ್‌ನ ಹತ್ತಿರ ಬರುತ್ತದೆ. ಬಗ್ಗಿಸುವುದರ ಉದ್ದೇಶ ಇಷ್ಟೇ. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಆದರೆ ಆಂಟೆನಾ ಲಂಬವಾಗಿಯೇ ನಿಲ್ಲಬೇಕು, ಏಕೆಂದರೆ ವಿಮಾನದ ಸಂಕೇತವೂ ಲಂಬ ಧ್ರುವೀಕರಣದ್ದು. ಕೋಆಕ್ಸಿಯಲ್ ಕೇಬಲ್‌ನ ತುಂಡುಗಳನ್ನು ಒಂದರ ಮೇಲೊಂದು ಅದಲುಬದಲಾಗಿ ಜೋಡಿಸಿ ಮಾಡುವ ಕೊಲಿನಿಯರ್ ಆಂಟೆನಾ ದಿಗಂತದ ಕಡೆಗೆ ಹೆಚ್ಚು ಸಂವೇದಿ, ಆದರೆ ಅದು ಹೊಸದಾಗಿ ಶಕ್ತಿಯನ್ನೇನೂ ಸೃಷ್ಟಿಸುವುದಿಲ್ಲ. ತಲೆಯ ಮೇಲಿನ ಆಕಾಶದಿಂದ ಕಸಿದು ದಿಗಂತಕ್ಕೆ ಕೊಡುತ್ತದೆ. ಪ್ರತಿ ತುಂಡಿನ ಉದ್ದವನ್ನೂ ಆ ಕೇಬಲ್‌ನೊಳಗೆ ಅಲೆ ಸಾಗುವ ವೇಗಕ್ಕೆ ಹೊಂದಿಸಬೇಕಾದ್ದರಿಂದ ಅಳತೆಯ ಉಪಕರಣವಿಲ್ಲದೆ ಅದನ್ನು ಸರಿಯಾಗಿ ಮಾಡುವುದು ಕಷ್ಟ. ಸರಳವಾದ ಐದು ತಂತಿಗಳ ಆಂಟೆನಾವನ್ನು ಎತ್ತರದಲ್ಲಿ ನಿಲ್ಲಿಸುವುದೇ ಆರಂಭಕ್ಕೆ ಒಳ್ಳೆಯದು.

ಕೇಬಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಆದರೆ ಹೇಳುವಷ್ಟನ್ನು ಒತ್ತಿ ಹೇಳಬೇಕು. ಡಾಂಗಲ್ ಜೊತೆ ಬರುವ ಆರ್‌ಜಿ-174ರಂತಹ ತೆಳು ಕೇಬಲ್ ಈ ಆವರ್ತನದಲ್ಲಿ ಮೀಟರಿಗೆ ಸುಮಾರು ಒಂದು ಡೆಸಿಬೆಲ್ ನುಂಗುತ್ತದೆ. ಅಂಥದ್ದು ಹತ್ತು ಮೀಟರ್ ಇದ್ದರೆ ಸಂಕೇತದ ಹತ್ತನೆಯ ಒಂದು ಭಾಗವಷ್ಟೇ ಕೆಳಗೆ ತಲುಪುತ್ತದೆ. ಟಿವಿಗೆ ಬಳಸುವ ಆರ್‌ಜಿ-6 ಅದೇ ಹತ್ತು ಮೀಟರ್‌ಗೆ ಎರಡು ಡೆಸಿಬೆಲ್‌ನಷ್ಟು ಮಾತ್ರ ಕಳೆಯುತ್ತದೆ. ಅದು 75 ಓಮ್ ಕೇಬಲ್, ರಿಸೀವರ್ 50 ಓಮ್ ಎಂದು ಹಿಂಜರಿಯುವವರಿದ್ದಾರೆ. ಆ ವ್ಯತ್ಯಾಸದಿಂದ ಒಂದು ಜೋಡಣೆಯಲ್ಲಿ ಹಿಂದಿರುಗುವುದು ನೂರಕ್ಕೆ ನಾಲ್ಕು ಭಾಗ ಶಕ್ತಿ, 0.2 ಡೆಸಿಬೆಲ್‌ಗಿಂತ ಕಡಿಮೆ. ಎಲ್ಲಕ್ಕಿಂತ ಉತ್ತಮವೆಂದರೆ ಡಾಂಗಲ್ ಮತ್ತು ಪುಟ್ಟ ಕಂಪ್ಯೂಟರ್ ಎರಡನ್ನೂ ನೀರು ನುಗ್ಗದ ಪೆಟ್ಟಿಗೆಯಲ್ಲಿಟ್ಟು ಆಂಟೆನಾದ ಬುಡದಲ್ಲೇ ನೆರಳಿರುವೆಡೆ ಕೂರಿಸಿ, ಕೆಳಗೆ ನೆಟ್‌ವರ್ಕ್ ತಂತಿಯನ್ನಷ್ಟೇ ತರುವುದು. ಕಂಬವನ್ನು ಕಟ್ಟಡದ ಮಿಂಚುರಕ್ಷಕ ಭೂಸಂಪರ್ಕಕ್ಕೆ ಜೋಡಿಸುವ ಕೆಲಸವನ್ನು ಬಲ್ಲವರಿಂದ ಮಾಡಿಸಿ. ಇಂಥ ಸಂಕೇತಗಳನ್ನು ಆಲಿಸುವ ಬಗ್ಗೆ ಎಲ್ಲ ದೇಶಗಳ ಕಾನೂನೂ ಒಂದೇ ಅಲ್ಲವಾದ್ದರಿಂದ ನಿಮ್ಮಲ್ಲಿನ ನಿಯಮವನ್ನೂ ಮೊದಲೇ ಓದಿಕೊಳ್ಳಿ.

ಆಂಪ್ಲಿಫೈಯರ್ ಇಡುವುದಾದರೆ ಅದು ಆಂಟೆನಾದ ಪಕ್ಕದಲ್ಲಿರಬೇಕು, ಕೇಬಲ್‌ನ ಕೆಳತುದಿಯಲ್ಲಲ್ಲ. ಸರಣಿಯ ಮೊದಲ ಘಟ್ಟದಲ್ಲಿ ಆದ ನಷ್ಟವನ್ನು ಮುಂದಿನ ಯಾವ ಘಟ್ಟವೂ ತುಂಬಿಕೊಡಲಾರದು, ಮೊದಲ ಘಟ್ಟದಲ್ಲಿ ಸಾಕಷ್ಟು ವರ್ಧನೆ ಸಿಕ್ಕಿದರೆ ಮುಂದಿನ ನಷ್ಟಗಳು ಹೆಚ್ಚೇನೂ ಕೆಡಿಸಲಾರವು. ಇದಕ್ಕೆ ಬೇಕಾದ ವಿದ್ಯುತ್ತನ್ನು ಬಯಾಸ್-ಟೀ ಇರುವ ಡಾಂಗಲ್‌ಗಳು ಅದೇ ಕೇಬಲ್‌ನಲ್ಲಿ ಮೇಲಕ್ಕೆ ಕಳುಹಿಸುತ್ತವೆ. ಫಿಲ್ಟರ್ ಬೇಕಾಗುವುದು ಮೊಬೈಲ್ ಗೋಪುರಗಳಿಂದಾಗಿ. 900 ಮೆಗಾಹರ್ಟ್ಸ್‌ನ ಸುತ್ತಮುತ್ತ ಅವು ಹಗಲಿರುಳು ಪ್ರಸಾರ ಮಾಡುತ್ತವೆ, ಮತ್ತು ಟ್ಯೂನರ್‌ನ ಪಾಲಿಗೆ 1090 ಅದಕ್ಕೆ ತೀರ ಹತ್ತಿರ. ಗೋಪುರ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದರೆ ಫಿಲ್ಟರ್ ಇಲ್ಲದ ಆಂಪ್ಲಿಫೈಯರ್ ಲಾಭಕ್ಕಿಂತ ಹಾನಿಯನ್ನೇ ಹೆಚ್ಚು ಮಾಡುತ್ತದೆ.

ಗೇನ್, ಅಂದರೆ ಡಾಂಗಲ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಹೊಂದಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಡಾಂಗಲ್ ಪ್ರತಿ ಮಾದರಿಯನ್ನೂ 8 ಬಿಟ್‌ಗಳಲ್ಲಿ ಅಳೆಯುತ್ತದೆ, 256 ಮಟ್ಟಗಳು. ಅತಿ ಕ್ಷೀಣ ಮತ್ತು ಅತಿ ಪ್ರಬಲ ಸಂಕೇತಗಳ ನಡುವೆ ಅದು ತಾಳಿಕೊಳ್ಳಬಲ್ಲ ಅಂತರ ಸುಮಾರು 48 ಡೆಸಿಬೆಲ್. 4 ಕಿಲೋಮೀಟರ್ ದೂರದ ವಿಮಾನಕ್ಕೂ 400 ಕಿಲೋಮೀಟರ್ ದೂರದ್ದಕ್ಕೂ ಬರೀ ದೂರದಿಂದಲೇ 40 ಡೆಸಿಬೆಲ್ ವ್ಯತ್ಯಾಸ ಬರುತ್ತದೆ, ಟ್ರಾನ್ಸ್‌ಪಾಂಡರ್‌ಗಳ ಶಕ್ತಿಯೂ ಒಂದೊಂದರದು ಒಂದೊಂದು ರೀತಿ. ಹಾಗಾಗಿ ಗೇನನ್ನು ಕೊನೆಯ ಅಂಚಿಗೆ, ಅಂದರೆ 49.6 ಡೆಸಿಬೆಲ್‌ಗೆ ತಿರುಗಿಸಿಟ್ಟರೆ ದೂರದ ವಿಮಾನಗಳು ಸಿಗುತ್ತವೆ, ತಲೆಯ ಮೇಲಿನವು ಪಲ್ಸ್‌ಗಳ ಆಕಾರ ಕೆಟ್ಟು ಕಳೆದುಹೋಗುತ್ತವೆ. ಅತಿ ಪ್ರಬಲ ಸಂದೇಶಗಳ ಪಾಲು ಒಟ್ಟಿನಲ್ಲಿ ನೂರಕ್ಕೆ ಕೆಲವಷ್ಟೇ ಉಳಿಯುವಂತೆ ಗೇನನ್ನು ಇಳಿಸುವುದು ನಾನು ಅನುಸರಿಸುವ ಕ್ರಮ.

ತಂತ್ರಾಂಶದ ಕಡೆಗೆ ಡಂಪ್1090 ಎಂಬುದು ಎಲ್ಲದರ ಮೂಲಪುರುಷ. ರೆಡಿಸ್ ಎಂಬ ಪ್ರಸಿದ್ಧ ಡೇಟಾಬೇಸ್‌ನ ಕರ್ತೃ ಸಾಲ್ವತೋರೆ ಸಾನ್‌ಫಿಲಿಪ್ಪೊ ಅದನ್ನು ಮೊದಲು ಬರೆದರು. ಈಗ ಬಳಕೆಯಲ್ಲಿರುವ ರೀಡ್‌ಎಸ್‌ಬಿ ಮುಂತಾದವು ಅದರ ಸಂತತಿ. ಅವನ್ನು ಹಾಕಿದೊಡನೆ ನಕ್ಷೆ ತೆರೆಯುವ ಆಸೆ ಸಹಜ, ಆದರೆ ಒಮ್ಮೆಯಾದರೂ ಕಚ್ಚಾ ಸಂದೇಶಗಳನ್ನು ತೆರೆದಿಟ್ಟು ಕೈಯಿಂದ ಬಿಡಿಸಿ ನೋಡಬೇಕು. ಮೊದಲ ಐದು ಬಿಟ್‌ಗಳು 10001 ಎಂದಿದ್ದರೆ ಅದು 17, ಎಡಿಎಸ್-ಬಿ ಸಂದೇಶ. ಮೂರು ಬಿಟ್‌ಗಳ ನಂತರ 24 ಬಿಟ್ ವಿಳಾಸ, ಆಮೇಲೆ 56 ಬಿಟ್ ವಿಷಯ, ಕೊನೆಯ 24 ಬಿಟ್‌ಗಳು ದೋಷಪರೀಕ್ಷೆಗೆ. ವಿಷಯ ವಿಮಾನದ ಕರೆಹೆಸರಾಗಿದ್ದರೆ ಆರಾರು ಬಿಟ್‌ಗೆ ಒಂದು ಅಕ್ಷರ: 001011 ಎಂದರೆ 11, ಇಂಗ್ಲಿಷ್ ವರ್ಣಮಾಲೆಯ ಹನ್ನೊಂದನೆಯ ಅಕ್ಷರ ‘ಕೆ’. ಎತ್ತರಕ್ಕೆ 12 ಬಿಟ್‌ಗಳಿವೆ. ಎಂಟನೆಯದು ಅಳತೆಯ ಬಗೆಯನ್ನು ಹೇಳುವ ಗುರುತು. ಅದು 1 ಆಗಿದ್ದರೆ ಅದನ್ನು ತೆಗೆದು ಉಳಿದ ಸಂಖ್ಯೆಯನ್ನು 25ರಿಂದ ಗುಣಿಸಿ 1,000 ಕಳೆಯಬೇಕು. 1440 ಎಂದು ಬಂದರೆ 36,000ದಿಂದ 1,000 ಕಳೆದು 35,000 ಅಡಿ. ಯಾರೋ ಮಾಡಿಟ್ಟ ನಕ್ಷೆಯಲ್ಲಿ ಬಿಂದು ಚಲಿಸುವುದನ್ನು ನೋಡುವುದಕ್ಕೂ, ನಾವೇ ನೆಟ್ಟ ತಂತಿಯಿಂದ ಇಳಿದ ಬಿಟ್‌ಗಳನ್ನು ಕಾಗದದ ಮೇಲೆ ಬಿಡಿಸಿ ಒಂದು ವಿಮಾನದ ಹೆಸರನ್ನೂ ಎತ್ತರವನ್ನೂ ಪಡೆಯುವುದಕ್ಕೂ ಇರುವ ಅಂತರ ಬಹಳ ದೊಡ್ಡದು.

ಸ್ಥಾನವನ್ನು ಅಡಕ ಮಾಡಿರುವ ರೀತಿಯಂತೂ ನನಗೆ ಇಡೀ ವ್ಯವಸ್ಥೆಯಲ್ಲೇ ಅತ್ಯಂತ ಪ್ರಿಯವಾದ ಭಾಗ. ಅಕ್ಷಾಂಶ ರೇಖಾಂಶಗಳಿಗೆ ತಲಾ 17 ಬಿಟ್‌ಗಳಷ್ಟೇ ಜಾಗವಿದೆ, ಅಂದರೆ 1,31,072 ಮಟ್ಟಗಳು. ಇಡೀ ಭೂಗೋಳವನ್ನು ಅಷ್ಟರಲ್ಲಿ ಹಂಚಿದರೆ ನಿಖರತೆ ನೂರಾರು ಮೀಟರ್‌ಗಳಿಗೆ ಕುಸಿಯುತ್ತದೆ. ಅದಕ್ಕಾಗಿ ಅಕ್ಷಾಂಶವನ್ನು ಪಟ್ಟಿಗಳಾಗಿ ವಿಂಗಡಿಸಿ, ಪಟ್ಟಿಯೊಳಗೆ ವಿಮಾನ ಎಲ್ಲಿದೆ ಎಂಬುದನ್ನು ಮಾತ್ರ ಕಳುಹಿಸುತ್ತಾರೆ. ‘ಸಮ’ ಸಂದೇಶಗಳಲ್ಲಿ 360 ಡಿಗ್ರಿಯ ಪೂರ್ಣ ಸುತ್ತೊಂದಕ್ಕೆ 60 ಪಟ್ಟಿಗಳು, ‘ಬೆಸ’ ಸಂದೇಶಗಳಲ್ಲಿ 59. ಒಂದೇ ಸಂದೇಶದಿಂದ ಯಾವ ಪಟ್ಟಿ ಎಂದು ತಿಳಿಯದು. ಎರಡೂ ಬಗೆಯ ಸಂದೇಶಗಳು ಹತ್ತು ಸೆಕೆಂಡಿನೊಳಗೆ ಸಿಕ್ಕಿದರೆ, ವರ್ನಿಯರ್ ಮಾಪಕದ ಎರಡು ಗೆರೆಸಾಲುಗಳು ಒಂದೆಡೆ ಮಾತ್ರ ಕೂಡುವಂತೆ, ಪಟ್ಟಿ ಗೊತ್ತಾಗುತ್ತದೆ. ಆರು ಡಿಗ್ರಿಯ ಪಟ್ಟಿಯನ್ನು 1,31,072ರಿಂದ ಭಾಗಿಸಿದರೆ ಒಂದು ಮಟ್ಟ ಸುಮಾರು 5 ಮೀಟರ್. ಇಷ್ಟು ಕಡಿಮೆ ಬಿಟ್‌ಗಳಿಂದ ಇಷ್ಟು ನಿಖರತೆಯನ್ನು ಹಿಂಡಿ ತೆಗೆದವರ ಬುದ್ಧಿಗೆ ತಲೆಬಾಗಬೇಕು.

ಹಾಗೆಂದು ಬಂದದ್ದನ್ನೆಲ್ಲ ನಂಬಬಾರದು. ದೋಷಪರೀಕ್ಷೆಯಲ್ಲಿ ಕೆಟ್ಟ ಬಿಟ್‌ಗಳನ್ನು ಸರಿಪಡಿಸುವ ಆಯ್ಕೆಯನ್ನು ತೆರೆದರೆ ಸಂದೇಶಗಳ ಸಂಖ್ಯೆ ಏರುತ್ತದೆ, ಜೊತೆಗೆ ಗದ್ದಲವೇ ಸಂದೇಶವೆಂದು ತೋರುವ ಸಾಧ್ಯತೆಯೂ ನೂರಕ್ಕೂ ಹೆಚ್ಚು ಪಟ್ಟು ಏರುತ್ತದೆ. ಸಂದೇಶ ಕಳುಹಿಸಿದವರು ಯಾರೆಂದು ದೃಢೀಕರಿಸುವ ಏರ್ಪಾಡು ಎಡಿಎಸ್-ಬಿಯಲ್ಲಿ ಇಲ್ಲ. ಉಪಗ್ರಹ ಸಂಕೇತಗಳಿಗೆ ಅಡ್ಡಿಯಿರುವ ಪ್ರದೇಶದ ಮೇಲೆ ಹಾರುವ ವಿಮಾನ ತನ್ನ ಸ್ಥಾನದ ಭರವಸೆ ಕುಸಿದಿದೆ ಎಂಬುದನ್ನೂ ಸಂದೇಶದಲ್ಲೇ ಸೇರಿಸಿ ಹೇಳುತ್ತದೆ. ಆ ಅಂಕಿಯನ್ನು ಗಮನಿಸುವ ಅಭ್ಯಾಸ ಒಳ್ಳೆಯದು. ಸ್ಥಾನವನ್ನೇ ಹೇಳದ ವಿಮಾನಗಳೂ ಇವೆ. ಅವುಗಳ ಸಂಕೇತ ನಾಲ್ಕಾರು ಮನೆಗಳ ರಿಸೀವರ್‌ಗಳಿಗೆ ತಲುಪಿದ ಕಾಲದ ವ್ಯತ್ಯಾಸದಿಂದ ಸ್ಥಾನವನ್ನು ಲೆಕ್ಕ ಹಾಕಬಹುದು. ಬೆಳಕು ಮೈಕ್ರೋಸೆಕೆಂಡಿಗೆ 300 ಮೀಟರ್ ಸಾಗುವುದರಿಂದ ಗಡಿಯಾರಗಳ ಹೊಂದಾಣಿಕೆ ಅತಿ ಸೂಕ್ಷ್ಮವಾಗಿರಬೇಕು. ಸ್ಥಾನ ತಿಳಿದಿರುವ ಇತರ ವಿಮಾನಗಳ ಸಂದೇಶಗಳನ್ನೇ ಆ ಹೊಂದಾಣಿಕೆಗೆ ಬಳಸುತ್ತಾರೆ. ನಿಮ್ಮ ಆಂಟೆನಾ ಇರುವ ಜಾಗವನ್ನು ನಿಖರವಾಗಿ ನಮೂದಿಸಬೇಕಾದುದು ಈ ಕಾರಣಕ್ಕೆ. ಸಂಶೋಧಕರಿಗೆ ದತ್ತಾಂಶ ಒದಗಿಸುವ ಓಪನ್‌ಸ್ಕೈ ನೆಟ್‌ವರ್ಕ್‌ನಂತಹ ಜಾಲಗಳಿಗೆ ನಿಮ್ಮ ರಿಸೀವರ್‌ನ ಸಂದೇಶಗಳನ್ನು ಕೊಡುವುದು ಉಪಯುಕ್ತ ಕೆಲಸ ಎಂದು ನಾನು ನಂಬಿದ್ದೇನೆ.

ಕೊನೆಯದಾಗಿ ಅಳತೆಯ ಮಾತು. ಬದಲಾವಣೆಯೊಂದು ಫಲ ಕೊಟ್ಟಿತೇ ಎಂದು ತಿಳಿಯಲು ನಿನ್ನೆಯ ಸಂದೇಶಗಳ ಸಂಖ್ಯೆಯನ್ನು ಇಂದಿನದರ ಜೊತೆ ಹೋಲಿಸಿದರೆ ಪ್ರಯೋಜನವಿಲ್ಲ. ವಿಮಾನಗಳ ದಟ್ಟಣೆ ಗಂಟೆಗಂಟೆಗೂ ಬದಲಾಗುತ್ತದೆ. ಎರಡು ಡಾಂಗಲ್‌ಗಳನ್ನು ಒಂದೇ ವೇಳೆಯಲ್ಲಿ ಓಡಿಸಿ, ಒಂದಕ್ಕೆ ಹಳೆಯ ಆಂಟೆನಾ, ಇನ್ನೊಂದಕ್ಕೆ ಹೊಸದನ್ನು ಜೋಡಿಸಿ, ಒಂದು ದಿನದ ನಂತರ ಎರಡನ್ನೂ ಅದಲುಬದಲು ಮಾಡಿ ನೋಡಬೇಕು. ದಿಕ್ಕುವಾರು ಗರಿಷ್ಠ ದೂರದ ಚಿತ್ರವನ್ನೂ ಒಂದು ವಾರದ ಮಟ್ಟಿಗೆ ಸಂಗ್ರಹಿಸಿದರೆ, ಛಾವಣಿಯ ಮೇಲೆ ಬರೆದುಕೊಂಡ ಅಡೆತಡೆಗಳೆಲ್ಲ ಅದರಲ್ಲಿ ತಗ್ಗುಗಳಾಗಿ ಮೂಡುತ್ತವೆ. ಇದನ್ನು ತಿಂಗಳಿಗೊಮ್ಮೆ ಉಳಿಸಿಡಿ. ಎಲ್ಲ ದಿಕ್ಕುಗಳಲ್ಲೂ ಸಮನಾಗಿ ದೂರ ಕುಗ್ಗುತ್ತಾ ಬಂದರೆ ಅಡ್ಡ ಬಂದದ್ದು ಕಟ್ಟಡವಲ್ಲ, ಕನೆಕ್ಟರ್‌ನೊಳಗೆ ಇಳಿದ ನೀರು; ಆಗ ಕೇಬಲ್‌ನ ತುದಿಯನ್ನು ಒಳಗಿನ ತಾಮ್ರ ಹೊಳೆಯುವವರೆಗೆ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ತಾನೇ ಬೆಸೆದುಕೊಳ್ಳುವ ರಬ್ಬರ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು.